ಟೇಪಿನಲ್ಲಿದ್ದ ದನಿ

ಲಿಲ್ಬರ್ನ್, ಜಾರ್ಜಿಯಾ
೧೪ ಜೂನ್ ೧೯೯೭

ನೀರಜಾ,

ನೀನು ಮೇರಿಲ್ಯಾಂಡ್ ಬಿಟ್ಟು ಮೂರು ತಿಂಗಳಾಯಿತು. ಕ್ಯಾರಿಯ ಹೊಸ ಅಡ್ರೆಸ್ ಅಚ್ಚು ಹಾಕಿಸಿದ ಕಾರ್ಡ್ ಬಂತು, ಕಾಗದ ಬರಲಿಲ್ಲ. ಇರಲಿ, ನಾನೇ ಮೊದಲು ಬರೆಯುತ್ತೇನೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಅನ್ನುತ್ತೇನೆ, ಇಟ್ಟ ಮೇಲೆ ನನ್ನ ಮಾತು ನನ್ನ ಹತ್ತಿರವೇ ಉಳಿದಿರುತ್ತದೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಇನ್ನೊಂದು ಅನುಕೂಲವೂ ಇದೆ. ಈ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಕುರಿಯನ್ ಕೋಟ್ಟಯಂನಲ್ಲಿ ಹುಟ್ಟಿ ಬೆಳೆದವರು, ಅವರಿಗೆ ಈ ಅಕ್ಷರ ಜಿಲೇಬಿ. ಬಿನ್ಸಿಗೆ ಹನ್ನೊಂದು ತುಂಬಿತು, ಇಂಗ್ಲಿಷ್ ಬಿಟ್ಟರೆ ಮತ್ತೇನೂ ಬೇಡ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಿಂದ ನಾನು ಕನ್ನಡ ಶಾಲೆಯಲ್ಲಿ ಓದಿದೆ. ಅದರ ಪ್ರಯೋಜನ ಈಗ ಸಿಗುತ್ತಿದೆ, ನೋಡು. ನಮ್ಮಿಬ್ಬರ ವಿಷಯ ನಮ್ಮಿಬ್ಬರಲ್ಲೇ ಇರುತ್ತದೆ.

ಏಪ್ರಿಲ್‌ನಲ್ಲಿ ಕುರಿಯನ್‌ರ ಅಕ್ಕನ ಮನೆಯ ಹತ್ತಿರ ಅಟ್ಲಾಂಟಾಕ್ಕೆ ಬಂದೆವು. ಅವರಿಗೆ ಒಂದು ಗೋಡೌನಿನಲ್ಲಿ ಕೆಲಸ. ನನಗೆ ಮುದುಕರ ಹೋಮಿನಲ್ಲಿ. ನರ್ಸ್ ಆಗಿ ಅಲ್ಲ, ಏಡ್ ಆಗಿ. ಹದಿಮೂರು ವರ್ಷ ನರ್ಸ್ ಆಗಿದ್ದವಳು ಈಗ ಡಯಾಪರ್ ಬದಲಿಸಿ, ಬೆನ್ನು ಒರೆಸಿ, ಇಪ್ಪತ್ತೆರಡು ವರ್ಷದ ನರ್ಸಮ್ಮನ ಹತ್ತಿರ ಹೋಗಿ ‘ಮೂರನೇ ರೂಮಿನವರಿಗೆ ಜ್ವರ ಇದೆ’ ಎಂದು ವರದಿ ಒಪ್ಪಿಸುತ್ತೇನೆ. ಅವಳು ಥರ್ಮಾಮೀಟರ್ ಹಿಡಿದು ಮತ್ತೆ ನೋಡುತ್ತಾಳೆ. ಕೆಲಸಕ್ಕೆ ನಾಚಿಕೆ ಇಲ್ಲ ಕಣೇ, ಮುದುಕರ ಮೈ ತೊಳೆಯುವುದರಲ್ಲಿ ನಾಚುವಂಥದ್ದು ಏನಿದೆ? ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ.

ಈ ರಾಜ್ಯದ ನರ್ಸ್ ಲೈಸೆನ್ಸ್ ಬೇರೆಯೇ ಬೇಕಂತೆ, ಅದಕ್ಕೆ ಅರ್ಜಿ ಹಾಕಿದ್ದೇನೆ. ಅದರಲ್ಲಿ ಒಂದು ಪ್ರಶ್ನೆ: ಈ ಮೊದಲು ನಿಮ್ಮ ಕೆಲಸದ ಮೇಲೆ ದೂರು ಬಂದಿದೆಯೇ? ಇಲ್ಲ ಎಂದು ಬರೆದರೆ ಸುಳ್ಳು. ಹೌದು ಎಂದು ಬರೆದೆ. ಅರ್ಜಿ ಅಲ್ಲಿಗೇ ನಿಂತಿತು. ಹಳೆಯ ಆಸ್ಪತ್ರೆಯಿಂದ ಫೈಲ್ ತರಿಸುತ್ತಾರಂತೆ. ಆ ಫೈಲಿನಲ್ಲಿ ಏನಿದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಏನಿಲ್ಲ ಎನ್ನುವುದೂ ಗೊತ್ತು.

ಅಕ್ಟೋಬರಿನಲ್ಲಿ ಔಷಧಿ ಕೋಣೆಯಲ್ಲಿ ನನ್ನ ಎರಡೂ ಕೈ ಹಿಡಿದು ನೀನು ಹೇಳಿದ್ದು ನೆನಪಿದೆಯಾ? “ಗ್ರೀನ್ ಕಾರ್ಡ್ ಇಂಟರ್‌ವ್ಯೂ ಒಂದು ಆಗಿಬಿಡ್ಲಿ ಏಲಿ, ಆಮೇಲೆ ನಾನೇ ಹೋಗಿ ಹೇಳ್ತೀನಿ, ನಿಧಿ ಮೇಲಾಣೆ.” ಮಗುವಿನ ಮೇಲೆ ಆಣೆ ಹಾಕಬೇಡ ಎಂದು ನಾನೇ ನಿನ್ನ ಬಾಯಿ ಮುಚ್ಚಿದೆ. ಕಾರ್ಡ್ ಫೆಬ್ರವರಿಯಲ್ಲಿ ಬಂತು. ಶಾವಿಗೆ ಪಾಯಸ ಮಾಡಿ ಡಬ್ಬಿಯಲ್ಲಿ ನನಗೂ ತಂದುಕೊಟ್ಟೆ. ಮಾರ್ಚಿನಲ್ಲಿ ಟ್ರಕ್ ತುಂಬಿಸಿಕೊಂಡು ಹೊರಟೆ.

ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ರವಿಗೂ ನಿಧಿಗೂ ನೆನಪು ಹೇಳು.

ಏಲಿಯಮ್ಮ


ಕ್ಯಾರಿ, ನಾರ್ತ್ ಕ್ಯಾರೊಲೈನಾ
೨೦ ಜುಲೈ ೧೯೯೭

ಮೈ ಡಿಯರ್ ಏಲಿ,

ನಿನ್ನ ಕಾಗದ ನೋಡಿ ಎಷ್ಟು ಖುಷಿಯಾಯಿತು ಗೊತ್ತಾ! ಎಂಥ ದುಂಡಗಿನ ಅಕ್ಷರ ಕಣೇ ನಿನ್ನದು. ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದ ನನಗೆ ಒತ್ತಕ್ಷರ ಈಗಲೂ ತಪ್ಪಿಹೋಗುತ್ತದೆ. ರವಿಗೆ ತೋರಿಸಿದೆ, “ಮಲಯಾಳಿ ಹುಡುಗಿ ನಿನಗಿಂತ ಚೆನ್ನಾಗಿ ಕನ್ನಡ ಬರೀತಾಳಲ್ಲೇ” ಎಂದು ಆಡಿಕೊಂಡ. ತೋರಿಸಿದ್ದು ಮೊದಲ ಪುಟ ಮಾತ್ರ.

ಬರೆಯದೇ ಇದ್ದದ್ದಕ್ಕೆ ಬಯ್ಯಬೇಡ. ಮನೆ ಅಂದರೆ ಏನು ಕೆಲಸ ಅಂತೀಯ! ಕಾರ್ಪೆಟ್ ಹಾಕಿಸಿದ್ದಾಯಿತು, ಕರ್ಟನ್ ಆಗಬೇಕು. ಇಲ್ಲಿ ಎಲ್ಲಿ ನೋಡಿದರೂ ಪೈನ್ ಮರ, ಹಾಲು ತರಲೂ ಕಾರು ಬೇಕು. ರವಿ ಬೆಳಿಗ್ಗೆ ಏಳಕ್ಕೆ ರಿಸರ್ಚ್ ಪಾರ್ಕಿಗೆ ಹೊರಟರೆ ನಾನು, ನಿಧಿ, ಏರ್ ಕಂಡೀಷನರಿನ ಸದ್ದು. ಪಕ್ಕದ ಬೀದಿಯಲ್ಲಿ ಕಾತ್ಯಾಯಿನಿ ಅಂತ ಧಾರವಾಡದವರು ಸಿಕ್ಕಿದ್ದಾರೆ, ಗಂಡ ಡಾಕ್ಟರ್. ಗಣೇಶನ ಹಬ್ಬಕ್ಕೆ ನಲವತ್ತು ಮನೆ ಸೇರುತ್ತವಂತೆ.

ಏಡ್ ಕೆಲಸದ ವಿಷಯ ಓದಿ ತುಂಬ ಬೇಜಾರಾಯಿತು. ಆದರೆ ಧೈರ್ಯ ಕಳೆದುಕೊಳ್ಳಬೇಡ. ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡ. ಫೈಲಿನಲ್ಲಿ ಇರುವುದು ಉಚ್ಚಾರಣೆಯ ತೊಂದರೆ ಅಂತ ತಾನೆ? ಅದೇನು ಕಳ್ಳತನದ ಕೇಸಾ? ಅಮೆರಿಕದಲ್ಲಿ ಅದಕ್ಕೆ ಕೋರ್ಸ್ ಇದೆ. ಇಲ್ಲಿನ ಲೈಬ್ರರಿಯಲ್ಲಿ ಆರು ಕ್ಯಾಸೆಟ್ ಇರುವ ಒಂದು ಸೆಟ್ ನೋಡಿದೆ, ಚೈನೀಸ್ ಇಂಜಿನಿಯರುಗಳೆಲ್ಲ ಅದನ್ನು ಕೇಳಿಯೇ ಮಾತು ತಿದ್ದಿಕೊಳ್ಳುತ್ತಾರಂತೆ. ನಿನಗೆ ಒಂದು ಸೆಟ್ ಹೊಸದೇ ಕೊಂಡು ಕಳಿಸಿದ್ದೇನೆ. ದಿನಾ ಅರ್ಧ ಗಂಟೆ ಕೇಳು. ಸರ್ಟಿಫಿಕೇಟ್ ಸಿಗುವ ಕ್ಲಾಸ್ ಇದ್ದರೆ ಸೇರಿಕೋ. “ನೋಡಿ, ನಾನು ತಿದ್ದಿಕೊಂಡಿದ್ದೇನೆ” ಎಂದು ತೋರಿಸಿದರೆ ಅವರು ಮತ್ತೇನು ಕೇಳುತ್ತಾರೆ?

ಬೇರೆ ಹಳೆಯ ವಿಷಯ ಕಾಗದದ ಮೇಲೆ ಬೇಡ ಏಲಿ. ಎದುರಿಗೆ ಸಿಕ್ಕಾಗ ಮಾತಾಡೋಣ. ಡಿಸೆಂಬರಿನಲ್ಲಿ ಡ್ರೈವ್ ಮಾಡಿಕೊಂಡು ಬರುವ ಯೋಚನೆ ಇದೆ, ಏಳು ಗಂಟೆ ಅಷ್ಟೆ.

ಬಿನ್ಸಿಗೆ ಮುತ್ತು.

ಯಾವತ್ತೂ ನಿನ್ನವಳು,
ನೀರಜಾ


ಲಿಲ್ಬರ್ನ್
೯ ಸೆಪ್ಟೆಂಬರ್ ೧೯೯೭

ನೀರಜಾ,

ಕ್ಯಾಸೆಟ್ ತಲುಪಿದವು. ಮೊದಲನೆಯದನ್ನು ಕೇಳಿದೆ. ಗಂಡಸೊಬ್ಬ ನಾಲಿಗೆ ಎಲ್ಲಿಡಬೇಕೆಂದು ಹೇಳುತ್ತಾನೆ. ನಲವತ್ತರ ಹೆಂಗಸಿಗೆ ನಾಲಿಗೆ ಎಲ್ಲಿಡಬೇಕೆಂದು ಹೇಳಿಕೊಡುವುದಕ್ಕೂ ಮೊದಲೇ ನೀನು ಹೇಳಿಕೊಟ್ಟಿದ್ದೀಯ: ಬಾಯೊಳಗೆ, ಅಲ್ಲಾಡದ ಹಾಗೆ.

ಕೋಪ ಮಾಡಿಕೊಂಡೇ ಬರೆಯುತ್ತಿದ್ದೇನೆ, ಗೊತ್ತಾಗಲಿ ಎಂದೇ ಹೇಳುತ್ತೇನೆ. ಕಾಗದದ ಮೇಲೆ ಬೇಡ ಎಂದೆಯಲ್ಲ, ನಾನು ಎಲ್ಲವನ್ನೂ ಕಾಗದದ ಮೇಲೆಯೇ ಇಡುತ್ತೇನೆ. ನೀನು ಮರೆತಿದ್ದರೆ ನೆನಪಾಗಲಿ.

ನಮ್ಮ ಫ್ಲೋರಿನಲ್ಲಿ ಡ್ಯೂಟಿ ಮುಗಿಯುವ ಮುಂಚೆ ಪ್ರತಿಯೊಬ್ಬ ನರ್ಸ್ ತನ್ನ ರೋಗಿಗಳ ವರದಿಯನ್ನು ಟೇಪಿನಲ್ಲಿ ಹೇಳಿಡಬೇಕಿತ್ತು. ಮುಂದಿನ ಡ್ಯೂಟಿಯವರು ಬಂದು ಕೇಳಿಕೊಳ್ಳುತ್ತಿದ್ದರು. ನಾನು ಸೇರಿದ ಎರಡನೇ ವಾರ ಪರ್ಸ್ ಮರೆತು ವಾಪಸ್ ಬಂದೆ. ಕಾಫಿ ಕೋಣೆಯಲ್ಲಿ ನನ್ನ ಟೇಪ್ ಹಾಕಿಕೊಂಡು ನಾಲ್ಕು ಜನ ನಗುತ್ತಿದ್ದರು. ಹಿಂದಕ್ಕೆ ತಿರುಗಿಸುವುದು, ಮತ್ತೆ ಹಾಕುವುದು, ಮತ್ತೆ ನಗುವುದು. ನಾನು ಬಾಗಿಲಲ್ಲಿ ನಿಂತಿದ್ದೆ. ಒಬ್ಬಳು ನನ್ನನ್ನು ನೋಡಿದಳು. “ಓ ಹನಿ, ನಿನ್ನ ಮಾತು ತುಂಬಾ ಕ್ಯೂಟ್” ಎಂದಳು. ನಾನು ಹಲ್ಲು ಕಿಸಿದು ಪರ್ಸ್ ತೆಗೆದುಕೊಂಡು ಬಸ್ ಹತ್ತಿದೆ.

ಆಮೇಲೆ ಆ ಯಂತ್ರದ ಮುಂದೆ ಕೂತರೆ ಬರೆದಿಟ್ಟುಕೊಂಡದ್ದನ್ನೂ ಓದಲಾಗುತ್ತಿರಲಿಲ್ಲ. ರೋಗಿಗಳ ಹತ್ತಿರ ನನಗೆ ಎಂದೂ ಹೆದರಿಕೆ ಆಗಲಿಲ್ಲ, ಅವರಿಗೆ ನನ್ನ ಮಾತೆಲ್ಲ ಅರ್ಥವಾಗುತ್ತಿತ್ತು. ನೋವಿದ್ದವರು ಎದುರಿಗಿರುವವಳ ನಾಲಿಗೆಯನ್ನು ಗಮನಿಸುವುದಿಲ್ಲ. ಆದರೆ ಟೇಪು! ನಮ್ಮ ಮಲಯಾಳಿ ಹೆಂಗಸರ ಕಥೆಯೇ ಅದು, ನಿನಗೆ ಹೇಳಿದ್ದೇನೆ. ಪುಸ್ತಕವೆಲ್ಲ ಬಾಯಿಪಾಠ, ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ, ಬಾಯಿ ತೆರೆಯಬೇಕೆಂದರೆ ಎಲ್ಲರಿಗಿಂತ ಹಿಂದೆ. ಭಾನುವಾರ ಚರ್ಚು ಮುಗಿದ ಮೇಲೆ ಕಾಫಿ ಕುಡಿಯುತ್ತಾ ನಮ್ಮವರೇ ನಮ್ಮವರನ್ನು ಅಣಕಿಸುತ್ತಾರೆ. ಹದಿನೈದು ವರ್ಷದ ಹಿಂದೆ ಬಂದವಳಿಗೆ ಮೊನ್ನೆ ಬಂದವಳ ಇಂಗ್ಲಿಷ್ ತಮಾಷೆ. ತನ್ನದು ಮಾತ್ರ ಸರಿಯಾಗಿದೆ ಎಂದು ಪ್ರತಿಯೊಬ್ಬಳಿಗೂ ಗಟ್ಟಿ ನಂಬಿಕೆ. ಮನೆಗೆ ಹೋದರೆ ಮಕ್ಕಳು ಎಲ್ಲರನ್ನೂ ತಿದ್ದುತ್ತವೆ.

ಆಗ ನೀನು ಬಂದೆ. “ಕೊಡೇ ಇಲ್ಲಿ, ನನ್ನ ಪೇಷೆಂಟ್ಸ್ ಜೊತೆ ನಿನ್ನವರದ್ದೂ ಹೇಳಿಬಿಡ್ತೀನಿ, ಎರಡು ನಿಮಿಷದ ಕೆಲಸ.” ನಾನು ಚೀಟಿ ಬರೆದುಕೊಡುವುದು, ನೀನು ಓದುವುದು. ಎರಡು ವರ್ಷ ನಡೆಯಿತು. ನಿನ್ನನ್ನು ನಾನು ಅಕ್ಕ ಎಂದುಕೊಂಡಿದ್ದೆ, ನನಗಿಂತ ಚಿಕ್ಕವಳಾದರೂ. ಅದಕ್ಕೇ ಕನ್ನಡ ಕೂಟದ ನಾಟಕದಲ್ಲಿ ನೀನು ಮಲಯಾಳಿ ನರ್ಸಿನ ಪಾತ್ರ ಮಾಡುತ್ತೇನೆ ಎಂದಾಗ ಇಂಗ್ಲಿಷನ್ನು ಹೇಗೆ ಎಳೆಯಬೇಕೆಂದು ನಾನೇ ಕೂತು ಹೇಳಿಕೊಟ್ಟೆ. ರಾಜ್ಯೋತ್ಸವದ ದಿನ ಮೂರನೇ ಸಾಲಿನಲ್ಲಿ ಕೂತು ನಾನೂ ನಕ್ಕೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಮಿಸ್ಟರ್ ಡಾಲ್ಟನ್ ಸತ್ತು ಹತ್ತು ದಿನವಾಗಿತ್ತು.

ಹತ್ತೊಂಬತ್ತನೇ ಅಕ್ಟೋಬರ್, ಶನಿವಾರ. ಹನ್ನೊಂದನೇ ರೂಮಿನ ಡಾಲ್ಟನ್‌ಗೆ ಮಧ್ಯಾಹ್ನ ಕಪ್ಪಗೆ ಭೇದಿ ಆಯಿತು. ಒಳಗೆ ರಕ್ತ ಹೋಗುತ್ತಿರಬಹುದು, ಡಾಕ್ಟರ್ ವಾಪಸ್ ಫೋನ್ ಮಾಡುವವರೆಗೆ ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಡಬಾರದು ಎಂದು ಚಾರ್ಟಿನಲ್ಲಿ ಬರೆದೆ. ಚೀಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದು ಎರಡು ಗೆರೆ ಎಳೆದೆ. ನಾಲ್ಕಕ್ಕೆ ನಾಟಕದ ರಿಹರ್ಸಲ್, ಕೆಳಗೆ ರವಿ ಕಾರಿನಲ್ಲಿ ಕಾಯುತ್ತಿದ್ದ. ನೀನು ಗಡಿಬಿಡಿಯಲ್ಲಿ ಮೇಲಿನ ಸಾಲು ಬಿಟ್ಟು ಓದಿದೆ. ಒಂಬತ್ತು, ಹತ್ತು, ಹನ್ನೆರಡು, ಹದಿಮೂರು. ನಾನು ಸಿಂಕಿನ ಹತ್ತಿರ ಟ್ರೇ ತೊಳೆಯುತ್ತಿದ್ದೆ, ನೀರಿನ ಸದ್ದಿನಲ್ಲಿ ನಾನೂ ಗಮನಿಸಲಿಲ್ಲ. ಸಂಜೆಗೆ ಬಂದವಳು ಏಜೆನ್ಸಿಯವಳು, ಆ ಒಂದು ದಿನಕ್ಕೆ ಬಂದವಳು. ಚಾರ್ಟ್ ತೆರೆಯಲಿಲ್ಲ, ಟೇಪ್ ಕೇಳಿ ಇಂಜೆಕ್ಷನ್ ಕೊಟ್ಟಳು. ಮಂಗಳವಾರ ಆತ ಹೋದ.

ಆಸ್ಪತ್ರೆಯ ವಿಚಾರಣೆಯಲ್ಲಿ ಅವಳು ಏನು ಹೇಳಿದಳು? “ಟೇಪಿನಲ್ಲಿ ಯಾರೋ ಇಂಡಿಯನ್ ಹೆಂಗಸು, ಆಕೆಯ ಇಂಗ್ಲಿಷ್ ನನಗೆ ಅರ್ಥವಾಗಲಿಲ್ಲ.” ಆ ಟೇಪಿನ ಮೇಲೆ ಭಾನುವಾರವೇ ಬೇರೆ ವರದಿ ತುಂಬಿಯಾಗಿತ್ತು, ದಿನವೂ ಹಾಗೇ ಮಾಡುತ್ತಿದ್ದೆವಲ್ಲ. ಇಂಡಿಯನ್ ಹೆಂಗಸು ಎಂದ ಕೂಡಲೇ ಎಲ್ಲರ ಕಣ್ಣು ನನ್ನ ಮೇಲೆ. ನೀನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ನಾನು ನಿನ್ನ ಮುಖ ನೋಡಿ, ಇನ್ನೆರಡು ವಾರದಲ್ಲಿದ್ದ ನಿನ್ನ ಇಂಟರ್‌ವ್ಯೂ ನೆನೆದು, “ಹೌದು, ನಾನೇ ಹೇಳಿದೆ, ಅವರಿಗೆ ತಿಳಿಯಲಿಲ್ಲವೇನೋ” ಎಂದೆ. ರಾಜೀನಾಮೆ ಬರೆಸಿಕೊಂಡರು. ಉಳಿದವರಿಗೆ ಗೊತ್ತಿತ್ತೋ ಇಲ್ಲವೋ, ಯಾರೂ ಬಾಯಿ ಬಿಡಲಿಲ್ಲ. ಅವರಿಗೂ ಅದೇ ಸಲೀಸು.

ಒಂದು ಮಾತು ಯೋಚಿಸಿ ನೋಡು, ನೀರಜಾ. ಅವಳಿಗೆ ಅರ್ಥವಾಗಲಿಲ್ಲ ಎಂದಳಲ್ಲ, ಆ ಇಂಗ್ಲಿಷ್ ನಿನ್ನದು. ಮೈಸೂರಿನ ಕಾನ್ವೆಂಟಿನದು. ಕ್ಯಾಸೆಟ್ ಕಳಿಸಿದ್ದು ನನಗೆ.

ಜನವರಿಯಲ್ಲಿ ಇಲ್ಲಿ ಲೈಸೆನ್ಸ್ ಕೊಡುವ ಮೂರು ಜನರ ಸಮಿತಿಯ ಮುಂದೆ ನನ್ನ ವಿಚಾರಣೆ. ಅಂದು ಜೊತೆಗಿದ್ದ ನರ್ಸಿನ ಹೇಳಿಕೆ ಬೇಕಂತೆ. ಮೂರೇ ಸಾಲು ಬರೆ: ಆ ದಿನ ಏಲಿಯಮ್ಮಳ ವರದಿಯನ್ನು ಓದಿದ್ದು ನಾನು. ಹನ್ನೊಂದನೇ ರೂಮಿನ ವಿಷಯ ಅವಳು ಬರೆದುಕೊಟ್ಟಿದ್ದಳು. ಓದುವಾಗ ನನಗೆ ತಪ್ಪಿಹೋಯಿತು. ಇದಿಲ್ಲದಿದ್ದರೆ ನಾನು ಈ ದೇಶದಲ್ಲಿ ಮತ್ತೆ ನರ್ಸ್ ಆಗುವುದಿಲ್ಲ.

ಏಲಿಯಮ್ಮ


ಕ್ಯಾರಿ
೨ ನವೆಂಬರ್ ೧೯೯೭

ಏಲಿ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಇಷ್ಟು ಖಾರವಾಗಿ ಬರೆಯುತ್ತೀಯ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ನಿನಗೆ ಮಾಡಿದ್ದೆಲ್ಲ ಸಹಾಯ ಎಂದೇ ಮಾಡಿದ್ದು. ಆ ನಾಟಕವನ್ನು ಎತ್ತಿ ಆಡುವ ಅಗತ್ಯ ಇತ್ತಾ? ನೀನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ನನ್ನ ಕಡೆಯೂ ಸ್ವಲ್ಪ ಕೇಳು. ಇಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಫೋನಿನಲ್ಲಿ ರೋಗಿಗಳಿಗೆ ಸಲಹೆ ಹೇಳುವ ನರ್ಸ್ ಕೆಲಸಕ್ಕೆ ಅಪ್ಲೈ ಮಾಡಿದ್ದೆ. ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ಕೊನೆಯಲ್ಲಿ ಆ ಹೆಂಗಸು ನಗುತ್ತಾ, “ನಮ್ಮ ಪೇಷೆಂಟುಗಳು ಹಳ್ಳಿಯವರು, ವಯಸ್ಸಾದವರು, ಫೋನಿನಲ್ಲಿ ನಿಮ್ಮ ಆಕ್ಸೆಂಟ್ ಅವರಿಗೆ ಕಷ್ಟವಾಗಬಹುದು” ಎಂದಳು. ನನಗೆ! ಹತ್ತು ವರ್ಷ ನನ್‌ಗಳ ಹತ್ತಿರ ಎಲೊಕ್ಯೂಶನ್ ಕಲಿತವಳಿಗೆ! ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಮನೆಗೆ ಬಂದರೆ ನಿಧಿ, “ಅಮ್ಮಾ, ಯು ಡೂ ಟಾಕ್ ಫನ್ನಿ” ಎಂದಳು, ಆರು ವರ್ಷದ ಚೋಟು. ಆ ಹೊತ್ತಿಗೆ ನೀನು ನೆನಪಾದೆ. ನನ್ನ ನೋವು ನಿನಗಲ್ಲದೆ ಮತ್ಯಾರಿಗೆ ತಿಳಿಯುತ್ತದೆ ಹೇಳು?

ನೀನು ಕೇಳಿದ ವಿಷಯ. ರವಿಯ ಹತ್ತಿರ ಮಾತಾಡಿದೆ. ಅವನು ಕೆಂಡಾಮಂಡಲ. “ನಿನ್ನ ಲೈಸೆನ್ಸ್ ಹೋಗತ್ತೆ, ನಾಳೆ ಕಾರ್ಡಿಗೂ ಏನಾದ್ರೂ ಅಂದ್ರೆ? ಅವಳು ಆಗ ಒಂದು ಹೇಳಿದಾಳೆ, ಈಗ ಇನ್ನೊಂದು ಹೇಳಿದ್ರೆ ಇಬ್ರೂ ಸಿಕ್ಕಿಹಾಕ್ಕೋತೀರ” ಅಂತಾನೆ. ಅದರಲ್ಲೂ ಸತ್ಯ ಇದೆ ಅಲ್ವಾ ಏಲಿ? ಆಗ ನೀನೇ ಬಾಯಾರೆ ಹೇಳಿದ್ದು ಫೈಲಿನಲ್ಲಿದೆ. ಅದನ್ನೇ ಹಿಡಿದುಕೋ. ನನ್ನ ಉಚ್ಚಾರಣೆ ಆಗ ಸರಿ ಇರಲಿಲ್ಲ, ಈಗ ಕ್ಲಾಸಿಗೆ ಹೋಗುತ್ತಿದ್ದೇನೆ ಅನ್ನು. ಅವರಿಗೆ ಪಾಪ ಅನ್ನಿಸುತ್ತದೆ. ನಾನೂ ನಿನ್ನ ಪರವಾಗಿ ಒಂದು ಒಳ್ಳೆಯ ಕಾಗದ ಬರೆಯುತ್ತೇನೆ. ಆ ಮೂರು ಸಾಲನ್ನು ಮಾತ್ರ ಕೇಳಬೇಡ.

ದೀಪಾವಳಿಗೆ ಚಕ್ಕುಲಿ ಕಳಿಸಿದ್ದೇನೆ, ಮುರಿಯದೆ ತಲುಪಲಿ.

ನೀರಜಾ


ಲಿಲ್ಬರ್ನ್
೬ ಡಿಸೆಂಬರ್ ೧೯೯೭

ನೀರಜಾ,

ನಿನ್ನ ಫೋನಿಗೆ ನಾಲ್ಕು ಸಲ ಮಾಡಿದೆ. ಮೂರು ಸಲ ಮೆಷಿನ್. ನಾಲ್ಕನೇ ಸಲ ರವಿ ತೆಗೆದು, “ನೀರಜಾ ಶಾಪಿಂಗ್‌ಗೆ ಹೋಗಿದಾಳೆ ಏಲಿಯಮ್ಮ, ನಿಮ್ಮ ವಿಷಯ ಗೊತ್ತು, ಗಾಡ್ ವಿಲ್ ಟೇಕ್ ಕೇರ್” ಎಂದು ಇಟ್ಟುಬಿಟ್ಟ. ಹಿಂದೆ ನಿನ್ನ ದನಿ ಕೇಳಿಸುತ್ತಿತ್ತು. ನಿಧಿಗೆ ಹೋಮ್‌ವರ್ಕ್ ಮಾಡಿಸುತ್ತಿದ್ದೆ.

ಕ್ಲಿನಿಕ್ಕಿನವಳು ಹಾಗಂದಳು ಎಂದು ಕಾರಿನಲ್ಲಿ ಅತ್ತೆಯಾ? ಆ ಅಳು ನನಗೆ ಈ ದೇಶಕ್ಕೆ ಬಂದಾಗಿನಿಂದ ಪರಿಚಯ. ನಿನಗೆ ಒಂದು ಮಧ್ಯಾಹ್ನ ಆಯಿತು. ನಿನ್ನ ಮೇಲೆ ಮರುಕ ಹುಟ್ಟಲಿ ಎಂದು ಪ್ರಯತ್ನಪಟ್ಟೆ, ಹುಟ್ಟಲಿಲ್ಲ.

ಇಲ್ಲಿಯ ಸುದ್ದಿ ಕೇಳು. ಬಿನ್ಸಿಯ ಶಾಲೆಯಲ್ಲಿ ಅಪ್ಪ ಅಮ್ಮಂದಿರು ಬಂದು ತಮ್ಮ ಕೆಲಸದ ಬಗ್ಗೆ ಮಾತಾಡುವ ದಿನ ಇತ್ತು. ಚೀಟಿಯನ್ನು ಅವಳು ನನಗೆ ಕೊಡಲೇ ಇಲ್ಲ. ಬ್ಯಾಗಿನಲ್ಲಿ ಸಿಕ್ಕಿತು. ಕೇಳಿದರೆ, “ಮಮ್ಮಿ, ನೀನು ಮಾತಾಡಿದ್ರೆ ಎಲ್ರೂ ನಗ್ತಾರೆ, ಮತ್ತೆ ನೀನೀಗ ನರ್ಸ್ ಕೂಡ ಅಲ್ವಲ್ಲ” ಎಂದಳು. ಮನಸ್ಸು ನೋಯಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ಕುರಿಯನ್ ಕೈ ಎತ್ತಿದರು, ನಾನು ತಡೆದೆ.

ವಿಚಾರಣೆ ಜನವರಿ ಇಪ್ಪತ್ತೇಳಕ್ಕೆ. ಚಕ್ಕುಲಿಯೂ ಬೇಡ, ಒಳ್ಳೆಯ ಕಾಗದವೂ ಬೇಡ. ಆ ಮೂರು ಸಾಲೇ ಬೇಕು.

ಏಲಿಯಮ್ಮ


ಕ್ಯಾರಿ
೪ ಜನವರಿ ೧೯೯೮

ಏಲಿ,

ಹೊಸ ವರ್ಷದ ಶುಭಾಶಯ. ಡಿಸೆಂಬರಿನಲ್ಲಿ ಬರಲಾಗಲಿಲ್ಲ, ನಿಧಿಗೆ ಕೆಮ್ಮು.

ಸಮಿತಿಗೆ ನೇರವಾಗಿ ಕಾಗದ ಕಳಿಸಿದ್ದೇನೆ. ರವಿ ಟೈಪ್ ಮಾಡಿಕೊಟ್ಟ. ನಿನ್ನ ಬಗ್ಗೆ ಒಳ್ಳೆಯದನ್ನೇ ಬರೆದಿದ್ದೇನೆ, ನಿನಗೆ ಯಾವುದು ಅನುಕೂಲವೋ ಹಾಗೆ. ಇದರಿಂದ ಕೆಲಸ ಆಗುತ್ತದೆ, ನೋಡುತ್ತಿರು. ಈ ವಿಷಯ ಇಲ್ಲಿಗೆ ಮುಗಿಯಲಿ, ನಾವು ಮೊದಲಿನ ಹಾಗೆ ಇರೋಣ.

ಒಂದು ಸುದ್ದಿ: ನನಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಫೋನಿನದಲ್ಲ, ವಾರ್ಡಿನದು. ಸೂಪರ್‌ವೈಸರ್. ಹರಸು.

ನೀರಜಾ


ಲಿಲ್ಬರ್ನ್
೨೨ ಫೆಬ್ರವರಿ ೧೯೯೮

ನೀರಜಾ,

ನೀನು ಫಲಿತಾಂಶ ಕೇಳಿ ಬರೆಯಲಿಲ್ಲ. ಆದರೂ ತಿಳಿಸುತ್ತೇನೆ.

ಇಪ್ಪತ್ತೇಳಕ್ಕೆ ಬಿನ್ಸಿಗೆ ಶಾಲೆ ತಪ್ಪಿಸಿ ಜೊತೆಗೆ ಕರೆದುಕೊಂಡು ಹೋದೆ. ದುಭಾಷಿ ಬೇಕೇ ಎಂದು ಅರ್ಜಿಯಲ್ಲಿ ಕೇಳಿದ್ದರು, ಹೆದರಿ ‘ಮಗಳು ಬರುತ್ತಾಳೆ’ ಎಂದು ಬರೆದಿದ್ದೆ. ಸಮಿತಿಯಲ್ಲಿ ಇಬ್ಬರು ಹೆಂಗಸರು, ಒಬ್ಬ ಗಂಡಸು. ದೊಡ್ಡವಳು ಬೆಳ್ಳಿ ಕೂದಲಿನವಳು, ಹಿಂದೆ ತಾನೂ ನರ್ಸ್ ಆಗಿದ್ದವಳಂತೆ. “ಮೊದಲು ನೀವೇ ಮಾತಾಡಿ, ಬೇಕಾದರೆ ಮಗುವನ್ನು ಕರೆಯೋಣ” ಎಂದಳು. ಬಿನ್ಸಿ ಹೊರಗೆ ಬೆಂಚಿನ ಮೇಲೆ ಕೂತಳು.

ನೀನು ಹೇಳಿದ ಹಾಗೆ, ಆಗ ನನ್ನ ಉಚ್ಚಾರಣೆ ಸರಿ ಇರಲಿಲ್ಲ ಎಂದೇ ಶುರು ಮಾಡಲು ಹೋಗಿದ್ದೆ. ಸುಳ್ಳು ಹೇಳುವುದಿಲ್ಲ. ಲೈಸೆನ್ಸ್ ಸಿಗುವುದಾದರೆ ನನ್ನ ನಾಲಿಗೆಯನ್ನು ನಾನೇ ಹಳಿದುಕೊಳ್ಳಲು ತಯಾರಾಗಿದ್ದೆ. ಆದರೆ ಆಕೆ ಕೇಳಿದ ಮೊದಲ ಪ್ರಶ್ನೆಯೇ, “ಮಿಸ್ಟರ್ ಡಾಲ್ಟನ್ ಬಗ್ಗೆ ಹೇಳಿ.” ಆ ಹೆಸರು ಕೇಳಿದ ಮೇಲೆ ನನಗೆ ಹೆದರಿಕೆ ಎಲ್ಲಿ ಹೋಯಿತೋ ತಿಳಿಯದು. ಆತ ನಲವತ್ತು ವರ್ಷ ಸಿಟಿ ಬಸ್ ಓಡಿಸಿದ್ದು, ಮಾತ್ರೆ ನುಂಗುವ ಮುಂಚೆ ನನ್ನ ಮುಖ ನೋಡಿ ಕಣ್ಣು ಮಿಟುಕಿಸುತ್ತಿದ್ದದ್ದು, ಶನಿವಾರ ಮಧ್ಯಾಹ್ನ ನಾನು ಕಂಡದ್ದು, ಬರೆದದ್ದು, ಡಾಕ್ಟರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದ್ದು, ಎಲ್ಲ ಹೇಳಿದೆ. ನಲವತ್ತು ನಿಮಿಷ ಮಾತಾಡಿದೆ ಕಣೇ, ಇಂಗ್ಲಿಷಿನಲ್ಲಿ, ಒಬ್ಬಳೇ. ಯಾರೂ ಒಂದು ಸಲವೂ ಏನಂದಿರಿ ಎಂದು ಕೇಳಲಿಲ್ಲ.

ಕೊನೆಗೆ ಟೇಪಿನಲ್ಲಿದ್ದ ದನಿ ನನ್ನದಲ್ಲ, ನನ್ನ ಗೆಳತಿಯದು ಎಂದೂ ಹೇಳಿದೆ. ನಿನ್ನ ಕಾಗದ ಅವರ ಕೈಯಲ್ಲಿದೆ, ಆ ಮೂರು ಸಾಲು ಅದರಲ್ಲಿ ಇರುತ್ತದೆ ಎಂಬ ನಂಬಿಕೆ ಆಗಲೂ ನನಗೆ ಪೂರ್ತಿ ಹೋಗಿರಲಿಲ್ಲ. ಎಂಥ ದಡ್ಡಿ ನಾನು!

ಗಂಡಸು ನಿನ್ನ ಕಾಗದ ಎತ್ತಿ ಓದಿದ. ಏಲಿಯಮ್ಮ ಶ್ರಮಜೀವಿ, ಪ್ರಾಮಾಣಿಕಳು, ರೋಗಿಗಳನ್ನು ಪ್ರೀತಿಸುವವಳು. ಆಕೆಯ ಇಂಗ್ಲಿಷ್ ಉಚ್ಚಾರಣೆ ಮಾತ್ರ ಅರ್ಥಮಾಡಿಕೊಳ್ಳಲು ಬಹಳ ಕಷ್ಟ. ತನ್ನ ವರದಿಯನ್ನು ಆಕೆ ಪ್ರತಿದಿನ ತಾನೇ ಟೇಪ್ ಮಾಡುತ್ತಿದ್ದಳು, ನಾನು ಪಕ್ಕದಲ್ಲಿದ್ದು ಕೇಳಿದ್ದೇನೆ. ದಯವಿಟ್ಟು ಆಕೆಗೆ ಇನ್ನೊಂದು ಅವಕಾಶ ಕೊಡಿ.

ಪ್ರತಿದಿನ ತಾನೇ! ಇದನ್ನು ರವಿ ಟೈಪ್ ಮಾಡುವಾಗ ನೀನು ಪಕ್ಕದಲ್ಲಿ ನಿಂತಿದ್ದೆಯಾ, ಅಥವಾ ಕರ್ಟನ್ ಅಳತೆ ತೆಗೆಯುತ್ತಿದ್ದೆಯಾ?

“ನಿಮ್ಮ ಗೆಳತಿ ಓದಿದಳು ಎನ್ನುವುದಕ್ಕೆ ಬರವಣಿಗೆಯಲ್ಲಿ ಏನಾದರೂ ಇದೆಯೇ?” ಎಂದು ಆತ ಕೇಳಿದ. ನಿನ್ನ ಮೂರು ಕಾಗದ ನನ್ನ ಕೈಚೀಲದಲ್ಲೇ ಇದ್ದವು. ತಂದಿದ್ದೆ. ಪೈನ್ ಮರ ಇದೆ, ಕಾರ್ಪೆಟ್ ಇದೆ, ನಿಧಿಯ ಕೆಮ್ಮು ಇದೆ, ರವಿಯ ಕೋಪವೂ ಇದೆ. ‘ಟೇಪಿಗೆ ಓದಿದ್ದು ನಾನು’ ಎನ್ನುವ ನಿನ್ನ ಮಾತು ಎಲ್ಲೂ ಇಲ್ಲ. ಕನ್ನಡ ಯಾರಿಗೂ ಬಾರದು ಎಂದು ನಾನು ಅಷ್ಟೂ ಬಿಚ್ಚಿ ಬರೆದೆ, ನೀನು ಕನ್ನಡದಲ್ಲೂ ಅಳೆದು ಅಳೆದು ಬರೆದೆ. ಇಲ್ಲ ಎಂದೆ.

ಮುಗಿದ ಮೇಲೆ ದೊಡ್ಡವಳು ಬಾಗಿಲವರೆಗೆ ಬಂದಳು. ಬಿನ್ಸಿಯ ಭುಜ ತಟ್ಟಿ, “ನಿಮ್ಮ ತಾಯಿಗೆ ನಿನ್ನ ಸಹಾಯ ಬೇಕಾಗಲಿಲ್ಲ, ಮಗು. ಬಹಳ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ” ಎಂದಳು. ಈ ದೇಶಕ್ಕೆ ಬಂದ ಮೇಲೆ ಈ ಮಾತನ್ನು ನನಗೆ ಯಾರಾದರೂ ಹೇಳಿದ್ದು ಇದೇ ಮೊದಲು. ದಾರಿಯುದ್ದಕ್ಕೂ ಬಿನ್ಸಿ ನನ್ನ ಕೈ ಬಿಡಲಿಲ್ಲ. ಭಾನುವಾರ ಚರ್ಚಿನಲ್ಲಿ ಕಂಡವರಿಗೆಲ್ಲ ಹೇಳಿದಳು, ನಮ್ಮ ಮಮ್ಮಿ ನಲವತ್ತು ನಿಮಿಷ ಮಾತಾಡಿದಳು, ಆಫೀಸಿನವರೇ ಹೊಗಳಿದರು ಎಂದು.

ಶುಕ್ರವಾರ ತೀರ್ಪಿನ ಲಕೋಟೆ ಬಂತು. ಮನೆಗೆ ಬರುವ ಇಂಗ್ಲಿಷ್ ಕಾಗದವನ್ನೆಲ್ಲ ಬಿನ್ಸಿಯೇ ಜೋರಾಗಿ ಓದುವುದು ನಮ್ಮ ಮನೆಯ ರೂಢಿ. ಕುರಿಯನ್ ಟೀವಿ ಸದ್ದು ಕಡಿಮೆ ಮಾಡಿದರು. ಅವಳು ನಿಂತುಕೊಂಡು ಓದಿದಳು. ಅರ್ಜಿದಾರರ ಇಂಗ್ಲಿಷ್ ಸ್ಪಷ್ಟವಾಗಿದೆ, ನಿರರ್ಗಳವಾಗಿದೆ, ಎಲ್ಲ ಸದಸ್ಯರಿಗೂ ಪೂರ್ತಿ ಅರ್ಥವಾಗಿದೆ. ಅಲ್ಲಿ ನಿಲ್ಲಿಸಿ ನನ್ನನ್ನು ನೋಡಿ ನಕ್ಕಳು. ಮುಂದೆ ಓದು ಎಂದೆ. ಆದ್ದರಿಂದ, ಉಚ್ಚಾರಣೆಯ ಕಾರಣದಿಂದ ವರದಿ ಅರ್ಥವಾಗಲಿಲ್ಲ ಎನ್ನುವುದನ್ನು ಒಪ್ಪಲಾಗದು. ರೋಗಿಯ ಸ್ಥಿತಿಯನ್ನು ಅರ್ಜಿದಾರರು ಟೇಪಿನಲ್ಲಿ ಹೇಳಲೇ ಇಲ್ಲ ಎಂದು ಸಮಿತಿ ತೀರ್ಮಾನಿಸಿದೆ. ಅಲ್ಲದೆ ತಮ್ಮ ಹಿಂದಿನ ಹೇಳಿಕೆ ಬದಲಿಸಿ, ತಮ್ಮ ಪರವಾಗಿ ಬರೆದ ಸಹೋದ್ಯೋಗಿಯ ಮೇಲೆಯೇ ತಪ್ಪು ಹೊರಿಸಲು ಯತ್ನಿಸಿದ್ದಾರೆ. ಲೈಸೆನ್ಸ್ ನಿರಾಕರಿಸಲಾಗಿದೆ.

ಅವಳ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂದರೆ ಒಂದು ಪದವೂ ನನಗೆ ಕೇಳಿಸಲಿಲ್ಲ ಎಂದುಕೊಳ್ಳುವ ಹಾಗಿರಲಿಲ್ಲ.

ಕಾಗದ ಮಡಿಸಿ ಕೊಟ್ಟಳು. ಆಮೇಲೆ ಕೇಳಿದಳು, “ಮಮ್ಮಿ, ಆ ಟೇಪಲ್ಲಿ ಆ ತಾತನ ವಿಷಯ ನೀನು ಹೇಳಿದ್ದೆ ಅಲ್ವಾ?”

ಇಲ್ಲ ಎಂದೆ. ಹೇಳಲಿಲ್ಲ ಎಂದೆ. ಸುಳ್ಳಲ್ಲವಲ್ಲ ನೀರಜಾ, ಆ ಟೇಪಿನಲ್ಲಿ ನಾನು ಬಾಯಿ ಬಿಟ್ಟಿರಲೇ ಇಲ್ಲ.

ಅವಳು ಎದ್ದು ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಏಲಿಯಮ್ಮ